ಮೆತ್ತನೆಯ ಮೀನು

ಸೋದರಮಾವ ಬೇಸಿಗೆಯಲ್ಲಿ ಹೊಳೆಯಿಂದ ಮೀನು ತರುತ್ತಿದ್ದದ್ದು ಗೊಬ್ಬರದ ಖಾಲಿ ಚೀಲದಲ್ಲಿ. ಕೈಯಲ್ಲಿ ಬಲೆ ಇರುತ್ತಿರಲಿಲ್ಲ, ಗಾಳವೂ ಇರುತ್ತಿರಲಿಲ್ಲ. ತಲೆ ಮಾತ್ರ ತೊಯ್ದಿರುತ್ತಿತ್ತು. ಅಜ್ಜಿ ಈಳಿಗೆಯ ಮುಂದೆ ಕುಳಿತು ಮೊದಲ ಮೀನನ್ನು ಎತ್ತಿಕೊಂಡು ಅದರ ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತುತ್ತಿದ್ದಳು. ಒತ್ತಿದ ತಗ್ಗು ಏಳದೆ ಹಾಗೆಯೇ ಉಳಿಯುತ್ತಿತ್ತು. "ಮತ್ತೆ ಮದ್ದಿನ ಮೀನು ತಂದೆಯೇನೋ" ಎಂದು ಬೈಯುತ್ತಲೇ ಕೊಯ್ಯುತ್ತಿದ್ದಳು. ಒಳಗೆಲ್ಲ ಕಪ್ಪು ರಕ್ತ. ಬೆನ್ನೆಲುಬಿನ ಬಳಿ ಮಾಂಸ ತಾನಾಗಿ ಬಿಟ್ಟುಕೊಂಡು ಬರುತ್ತಿತ್ತು. ಸಾರಿಗೆ ಹಾಕಿದರೆ ಕದಡಿಹೋಗುತ್ತದೆಂದು ಅದನ್ನು ಹುರಿಯುತ್ತಿದ್ದಳು. ಬೈದಳೆಂದರೆ ಎಸೆದಳೆಂದಲ್ಲ. ಮನೆಮಂದಿಯೆಲ್ಲ ತಿಂದೆವು. ನಾನು ಎರಡನೆಯ ಸಲ ಹಾಕಿಸಿಕೊಂಡು ತಿಂದವನು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀರುನಾಯಿಗಳ ಬಗ್ಗೆ ಬರೆಯುವವರು ಹುಟ್ಟಿದಾಗಿನಿಂದ ಹೊಳೆಗೆ ಆರತಿ ಎತ್ತುತ್ತ ಬಂದವರಂತೆ ಬರೆಯುತ್ತಾರೆ. ನನ್ನಿಂದ ಅದಾಗದು.

ಒಮ್ಮೆ ಮಾವನ ಜೊತೆ ನಾನೂ ಹೋಗಿದ್ದೆ. ಹತ್ತು ವರ್ಷವಿರಬೇಕು. ಚಪ್ಪಲಿ ಕಾಯುವುದು ನನ್ನ ಕೆಲಸ. ನಮ್ಮ ಸೀಮೆಯಲ್ಲಿ ಕಲ್ಲು ಕ್ವಾರಿಗಳಿಗೆ ಬರವಿಲ್ಲ. ಕ್ವಾರಿ ಇದ್ದಲ್ಲಿ ಜಿಲೆಟಿನ್ ಕಡ್ಡಿಗೂ ಬರವಿಲ್ಲ. ಮಾವ ಬೀಡಿಯ ಬೆಂಕಿಯನ್ನು ಬತ್ತಿಗೆ ತಾಗಿಸಿ ಕಡ್ಡಿಯನ್ನು ಮಡುವಿಗೆ ಎಸೆದ. ದೊಡ್ಡ ಸದ್ದು ಬರುತ್ತದೆಂದು ನಾನು ಕಿವಿ ಮುಚ್ಚಿಕೊಂಡಿದ್ದೆ. ಅಂಥದ್ದೇನೂ ಆಗಲಿಲ್ಲ. ಕಾಲಡಿಯ ಬಂಡೆಯನ್ನು ಕೆಳಗಿನಿಂದ ಯಾರೋ ಒಮ್ಮೆ ಗುದ್ದಿದಂತಾಯಿತು, ಅಷ್ಟೇ. ನೀರು ಉಬ್ಬಿ ಇಳಿಯಿತು. ಸ್ವಲ್ಪ ಹೊತ್ತಿಗೆ ಬಿಳಿ ಹೊಟ್ಟೆಗಳು ಒಂದೊಂದಾಗಿ ಮೇಲೆ ಬಂದವು. ಮಾವ ಮತ್ತವನ ಗೆಳೆಯರು ಮುಳುಗಿ ಮುಳುಗಿ ಆರಿಸಿದರು. ಮೇಲೆ ಬಂದದ್ದಕ್ಕಿಂತ ತಳಕ್ಕೆ ಹೋದದ್ದೇ ಹೆಚ್ಚು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಮೀನನ್ನು ನೀರಿನಲ್ಲಿ ಎತ್ತಿ ಹಿಡಿಯುವುದು ಹೊಟ್ಟೆಯೊಳಗಿನ ಗಾಳಿಚೀಲ. ಸ್ಫೋಟದ ಹೊಡೆತಕ್ಕೆ ಮೊದಲು ಒಡೆಯುವುದೇ ಅದು. ಚೀಲ ಒಡೆದ ಮೀನು ಕಲ್ಲಿನಂತೆ ಮುಳುಗುತ್ತದೆ, ಅಲ್ಲೇ ಕೊಳೆಯುತ್ತದೆ. ಮರಿಮೀನಿನ ಲೆಕ್ಕವನ್ನಂತೂ ಯಾರೂ ಇಡುವುದಿಲ್ಲ.

ಆ ದಿನ ಆಚೆ ದಡದ ಬಂಡೆಯ ಮೇಲೆ ಮೂರು ನೀರುನಾಯಿಗಳು ಹಿಂಗಾಲಿನ ಮೇಲೆ ನಿಂತು ನಮ್ಮತ್ತಲೇ ಕತ್ತು ಚಾಚಿ ನೋಡುತ್ತಿದ್ದವು. ನಾನು ಅವನ್ನು ಕಂಡದ್ದು ಅದೇ ಮೊದಲು. "ಬಂದರು ನೋಡು ಕಳ್ಳರು" ಎಂದ ಮಾವ, ಗೊಬ್ಬರದ ಚೀಲದ ಬಾಯಿ ಕಟ್ಟುತ್ತ.

ಈಗ ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೋನಾ ಮಸೂರಿ, 75 ಕಿಲೋ ಚೀಲ, ತೇವಾಂಶ, ತೂಕ, ಹಮಾಲಿ ಖರ್ಚು: ಇದು ನನ್ನ ಬದುಕು. ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಆನೆಗೊಂದಿಯ ಕಡೆ ಹೊಳೆಗೆ ಹೋಗಿ ಬಂಡೆಯ ಮೇಲೆ ಕೂರುವುದು ಸುಮಾರು ಹತ್ತು ವರ್ಷಗಳಿಂದ ಅಂಟಿಕೊಂಡ ಚಟ. ಅದಕ್ಕೆ ಕಾರಣ ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ಸುದ್ದಿ. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಪಾತ್ರವನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಿಟ್ಟದ್ದರಲ್ಲಿ ದೇಶಕ್ಕೇ ಇದು ಮೊದಲನೆಯದು. ಗಿರಣಿಯಲ್ಲಿ ಸುದ್ದಿ ಓದಿ ಹೇಳಿದಾಗ ಒಬ್ಬ ಹಮಾಲಿ, "ನಾಯಿಗೂ ಮೀಸಲಾತಿ ಬಂತೇ ಸರ್? ನಮ್ಮದು ಯಾವಾಗ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಮೂರು ತಲೆಗಳು ನೆನಪಾದವು.

ಘೋಷಣೆಯಾದಾಗ ಇದು ಎರಡು ಜಿಲ್ಲೆಗಳ ಹೊಳೆ: ಒಂದು ದಂಡೆ ಕೊಪ್ಪಳದ್ದು, ಇನ್ನೊಂದು ಬಳ್ಳಾರಿಯದು. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. ಈಗ ಹೊಸಪೇಟೆ, ಹಂಪಿಯ ದಂಡೆ ಅತ್ತ, ಕಂಪ್ಲಿಯದು ಬಳ್ಳಾರಿಯಲ್ಲೇ, ನಮ್ಮದು ಕೊಪ್ಪಳದಲ್ಲಿ. ಒಂದು ನೀರುನಾಯಿ ಬೆಳಗಿನ ಬೇಟೆ ಮುಗಿಸುವಷ್ಟರಲ್ಲಿ ಜಿಲ್ಲೆಯ ಗಡಿಯನ್ನು ನಾಲ್ಕು ಸಲ ದಾಟಿರುತ್ತದೆ. ಅದು ನನ್ನ ತಮಾಷೆ, ಅರಣ್ಯ ಇಲಾಖೆಯವರಿಗೆ ತಲೆನೋವು.

ಇಲ್ಲಿರುವುದು ನುಣುಪು ಕೂದಲಿನ ನೀರುನಾಯಿ. ಏಳೆಂಟು ಕಿಲೋದಿಂದ ಹನ್ನೊಂದು ಕಿಲೋವರೆಗೆ ತೂಗುತ್ತದೆ. ಮೂತಿಯಿಂದ ಬಾಲದ ತುದಿಯವರೆಗೆ ಒಂದು ಮೀಟರ್ ದಾಟುತ್ತದೆ. ಬೆರಳುಗಳ ನಡುವೆ ಜಾಲಪಾದ, ಬಾಲ ಹರಿಗೋಲಿನ ಹುಟ್ಟಿನ ಹಾಗೆ ಚಪ್ಪಟೆ. ಒಂಟಿಯಾಗಿ ಕಾಣುವುದು ಕಡಿಮೆ. ಗಂಡ, ಹೆಂಡತಿ, ಮಕ್ಕಳು, ಹೋದ ವರ್ಷದ ಮಕ್ಕಳು ಎಲ್ಲ ಕೂಡಿದ ಅವಿಭಕ್ತ ಕುಟುಂಬ. ಬೇಟೆಗೆ ಇಳಿದರೆ ಹರಿವಿಗೆ ಎದುರಾಗಿ ಬಾತುಕೋಳಿಗಳ ಸಾಲಿನಂತೆ ಎರಡು ರೆಕ್ಕೆಯಾಗಿ ಹರಡಿಕೊಂಡು ಮೀನನ್ನು ಮುಂದೆ ಅಟ್ಟುತ್ತವೆ. ನಡುನಡುವೆ ಸಿಳ್ಳೆ. ಸುಂದರಬನದ ಅಂಚಿನಲ್ಲಿ ಬಾಂಗ್ಲಾದೇಶದ ಕೆಲವು ಮೀನುಗಾರರು ಇದೇ ಜಾತಿಯ ನೀರುನಾಯಿಗಳನ್ನು ಸಾಕಿ, ದೋಣಿಗೆ ಕಟ್ಟಿ, ಮೀನನ್ನು ಬಲೆಯ ಕಡೆಗೆ ಅಟ್ಟಿಸುತ್ತಾರೆ. ಇದನ್ನು ಹೇಳಿದರೆ ನಮ್ಮ ಕಡೆಯ ಅಂಬಿಗರು ನಂಬುವುದಿಲ್ಲ. ನಂಬದಿರಲು ಅವರಿಗೆ ಕಾರಣಗಳಿವೆ. ಅದಕ್ಕೆ ಆಮೇಲೆ ಬರುತ್ತೇನೆ.

ಭಾನುವಾರ ಹೋದಾಗೆಲ್ಲ ಪ್ರಾಣಿ ಕಾಣುತ್ತದೆಂದು ಯಾರೂ ತಿಳಿಯಬಾರದು. ಹತ್ತರಲ್ಲಿ ಏಳು ಸಲ ನಾನು ನೋಡಿ ಬಂದಿರುವುದು ಬರೀ ಹಿಕ್ಕೆ. ನೀರಿನಿಂದ ಎರಡು ಮಾರು ದೂರದಲ್ಲಿ ಒಂದು ಚಪ್ಪಟೆ ಬಂಡೆಯಿದೆ. ಅದರ ಪಕ್ಕದಲ್ಲಿ ಬಳ್ಳಾರಿ ಜಾಲಿಯ ಪೊದೆ. (ಆಚೆ ದಂಡೆಯ ಜಿಲ್ಲೆಯ ಹೆಸರನ್ನು ನಾಡಿಗೆಲ್ಲ ಹರಡಿದ ಮುಳ್ಳು!) ಇಡೀ ಕುಟುಂಬಕ್ಕೆ ಆ ಬಂಡೆಯೇ ಪಾಯಖಾನೆ, ಅದೇ ಅಂಚೆಪೆಟ್ಟಿಗೆ. ಯಾರು ಬಂದರು, ಯಾರು ಹೋದರು ಎಂಬುದನ್ನು ಅವು ವಾಸನೆಯಲ್ಲಿ ಬರೆದಿಟ್ಟು ಹೋಗುತ್ತವೆ. ಒಣಗಿದ್ದನ್ನು ಕಡ್ಡಿಯಿಂದ ಬಿಡಿಸಿದರೆ ಕಾಗೆಬಂಗಾರದ ಹಾಗೆ ಮಿನುಗುವ ಮೀನಿನ ಹುರುಪೆಗಳು, ಏಡಿಯ ಚಿಪ್ಪಿನ ಕೆಂಪು ಚೂರು, ಸೂಜಿಯಂಥ ಮುಳ್ಳು. ಮೂರು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಆರು ವಾರ ಆ ಬಂಡೆ ಖಾಲಿಯಾಗಿತ್ತು. ಏಳನೆಯ ವಾರ ಹಸಿ ಹಿಕ್ಕೆ ಕಂಡಾಗ ನನಗಾದ ಸಂತೋಷವನ್ನು ಮನೆಯಲ್ಲಿ ಹೇಳಿದೆ. ಹೆಂಡತಿ ಏನೂ ಅನ್ನಲಿಲ್ಲ, ಕೈ ತೊಳೆದುಕೊಂಡು ಊಟಕ್ಕೆ ಬನ್ನಿ ಎಂದಳು.

ಬೇಸಿಗೆಯೇ ಯಾಕೆ ಎಂದರೆ, ತುಂಗಭದ್ರಾ ಅಣೆಕಟ್ಟೆಯ ಕೆಳಗಿನ ಹೊಳೆ ಆಗ ಹೊಳೆಯಾಗಿ ಉಳಿಯುವುದಿಲ್ಲ. ಫೆಬ್ರವರಿ ಕಳೆದ ಮೇಲೆ ಅದು ಬಂಡೆಗಳ ನಡುವೆ ಮಡುಗಳಾಗಿ ಒಡೆಯುತ್ತದೆ. ಒಂದು ಮಡುವಿನಿಂದ ಇನ್ನೊಂದಕ್ಕೆ ತೊಡೆದಪ್ಪ ನೀರು. ಇದ್ದಬದ್ದ ಮೀನೆಲ್ಲ ಆ ಮಡುಗಳಲ್ಲಿ ಸೇರುತ್ತದೆ. ಮೀನು ಸೇರಿದಲ್ಲಿಗೆ ನೀರುನಾಯಿ ಬರುತ್ತದೆ, ಮೊಸಳೆ ಬರುತ್ತದೆ, ಬಲೆಯವರು ಬರುತ್ತಾರೆ. ಮದ್ದಿನವನೂ ಬರುತ್ತಾನೆ. ಎಲ್ಲರ ಊಟವೂ ಒಂದೇ ತಟ್ಟೆಯಲ್ಲಿ. ನಮ್ಮ ಮಾವ ಮಳೆಗಾಲದಲ್ಲಿ ಎಂದೂ ಮದ್ದು ಹಾಕಿದವನಲ್ಲ. ಆಗ ಮೀನು ಎಲ್ಲಿರುತ್ತದೆಂದು ಯಾರಿಗೆ ಗೊತ್ತು?

ಅಣೆಕಟ್ಟೆಯ ಮಾತು ಬಂದರೆ ನಾನು ಸುಮ್ಮನಾಗಬೇಕಾಗುತ್ತದೆ. 1953ರಲ್ಲಿ ಕಟ್ಟಿ ಮುಗಿಸಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಹೋಗಬೇಕು. ನಮ್ಮ ಗಿರಣಿ ತಿರುಗುವುದು ಆ ನೀರಿನಿಂದ, ನನ್ನ ಸಂಬಳವೂ ಅದರಿಂದಲೇ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಉಳಿದ 32 ಗೇಟುಗಳನ್ನೂ ಉಳಿಸಿಕೊಳ್ಳಲು ಅವನ್ನೆಲ್ಲ ತೆರೆದು ಹೊಳೆಗೆ ನೀರು ಬಿಟ್ಟರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಮುಚ್ಚುವಷ್ಟರಲ್ಲಿ ಒಂದು ವಾರವಾಯಿತು. ಆ ವಾರ ಗಿರಣಿಯಲ್ಲಿ ಯಾರೂ ಬೇರೆ ಮಾತಾಡಲಿಲ್ಲ. ಎಷ್ಟು ಟಿಎಂಸಿ ಹೋಯಿತು, ಎಷ್ಟು ಉಳಿಯಿತು, ಎರಡನೇ ಬೆಳೆಗೆ ನೀರು ಸಿಕ್ಕೀತೇ? ನಾನೂ ಕಾಗದದ ಮೇಲೆ ಲೆಕ್ಕ ಹಾಕಿದೆ. ಬಂಡೆಗಳ ಸಂದಿಯ ಬಿಲಗಳು ಏನಾದವೋ ಎಂಬುದು ಹೊಳೆದದ್ದು ಎಂಟನೆಯ ದಿನ. ಮಳೆಗಾಲದ ಪ್ರವಾಹ ಅವುಗಳಿಗೆ ಹೊಸದಲ್ಲ, ಮೇಲಿನ ಬಂಡೆಗಳಿಗೆ ಏರಿಕೊಳ್ಳುತ್ತವೆ ಎಂದು ಸಮಾಧಾನ ಹೇಳಿಕೊಂಡೆ. ಆದರೂ ಎಂಟು ದಿನ ತಡವಾಗಿ ನೆನಪಾದದ್ದು ನೆನಪಾದಂತೆಯೇ ಇದೆ.

ನೀರು ಬಿಡುವವರಿಗೆ ಗೊತ್ತೇ ಇರದ ಸಣ್ಣ ಅನಾಹುತಗಳು ಬೇಸಿಗೆಯಲ್ಲೇ ಹೆಚ್ಚು. ನದಿ ರೀವ ಎಂಬ ಹಕ್ಕಿ, ಹಳದಿ ಕೊಕ್ಕು, ಕಪ್ಪು ಟೋಪಿ, ಹೊಳೆಯ ನಡುವಿನ ಮರಳ ದಿಬ್ಬದಲ್ಲಿ ಮೊಟ್ಟೆ ಇಡುತ್ತದೆ. ಗೂಡೆಂದರೆ ಮರಳಿನಲ್ಲಿ ಅಂಗೈಯಷ್ಟು ತಗ್ಗು. ಒಂದು ಏಪ್ರಿಲ್‌ನಲ್ಲಿ ಮೂರು ಮೊಟ್ಟೆ ನೋಡಿ ಬಂದಿದ್ದೆ. ಮುಂದಿನ ಭಾನುವಾರದ ಹೊತ್ತಿಗೆ ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ಹೊಳೆಗೆ ನೀರು ಬಿಟ್ಟಿದ್ದರು. ದಿಬ್ಬವೇ ಇರಲಿಲ್ಲ. ಕುಡಿಯುವ ನೀರು ಬಿಡಬೇಡಿ ಎಂದು ಯಾರು ಹೇಳಲಾದೀತು? ಎರಡು ದಿನ ಮೊದಲಿನಿಂದ ಸ್ವಲ್ಪಸ್ವಲ್ಪವಾಗಿ ಏರಿಸಿದ್ದರೂ ಆ ಮೊಟ್ಟೆ ಉಳಿಯುತ್ತಿರಲಿಲ್ಲ. ಮಾರ್ಚ್‌ಗಿಂತ ಮೊದಲೇ ಒಂದಿಷ್ಟು ನೀರು ಹರಿಯುತ್ತಿದ್ದರೆ ಹಕ್ಕಿ ಇನ್ನೂ ಎತ್ತರದಲ್ಲಿ ಗೂಡು ಮಾಡುತ್ತಿತ್ತೇನೋ. ಮೊಸಳೆಯೂ ಬೇಸಿಗೆಯಲ್ಲಿ ಮರಳಿನಲ್ಲೇ ಮೊಟ್ಟೆ ಹುಗಿಯುತ್ತದೆ. ಆ ಮರಳು ಟ್ರ್ಯಾಕ್ಟರ್ ಏರಿದರೆ ಆ ಮಾತೂ ಮುಗಿಯಿತು.

ಲೆಕ್ಕ ಬರೆಯುವವನಿಗೆ ಕಾಯ್ದೆ ಓದುವ ಕೆಟ್ಟ ಅಭ್ಯಾಸವೂ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಸಂರಕ್ಷಣಾ ಮೀಸಲು' ಎಂಬ ಬಗೆ ಮೊದಲಿಗೆ ಇರಲಿಲ್ಲ. 2002ರ ತಿದ್ದುಪಡಿಯಲ್ಲಿ 36ಎ ಕಲಮು ಸೇರಿದಾಗ ಬಂತು. ಅಭಯಾರಣ್ಯದಷ್ಟು ಬಿಗಿಯಲ್ಲ; ಅಕ್ಕಪಕ್ಕದ ಜನರನ್ನು ಕೇಳಿಯೇ ಮಾಡಬೇಕು. ಆದರೆ ಅಭಯಾರಣ್ಯದ ಕೆಲವು ಕಟ್ಟುಗಳು ಇಲ್ಲಿಗೂ ಅನ್ವಯಿಸುತ್ತವೆ, ಅದರಲ್ಲಿ 32ನೇ ಕಲಮು ಒಂದು: ವನ್ಯಜೀವಿಗೆ ಅಪಾಯ ತರುವ ರಾಸಾಯನಿಕ, ಸ್ಫೋಟಕ ಬಳಸುವಂತಿಲ್ಲ. ಅಂದರೆ ಮಾವನ ಬೀಡಿ ಮತ್ತು ಬತ್ತಿಯ ವಿಷಯ ಕಾಯ್ದೆಯಲ್ಲಿ ನೇರವಾಗಿಯೇ ಇದೆ. 2019ರಲ್ಲಿ ಈ ನೀರುನಾಯಿಯ ಅಂತರರಾಷ್ಟ್ರೀಯ ವ್ಯಾಪಾರ ಪೂರಾ ನಿಷೇಧವಾಯಿತು. 2022ರ ತಿದ್ದುಪಡಿಯಲ್ಲಿ ಅದು ಹುಲಿ, ಆನೆಗಳಿರುವ ಮೊದಲ ಅನುಸೂಚಿಗೆ ಏರಿತು. ಕಾಗದದ ಮಟ್ಟಿಗೆ ಇದಕ್ಕಿಂತ ಮೇಲಿನ ಪೀಠವಿಲ್ಲ.

ನನ್ನ ಕಣ್ಣು ನಿಂತದ್ದು 36ಬಿ ಮೇಲೆ. ಮೀಸಲು ಪ್ರದೇಶಕ್ಕೊಂದು ನಿರ್ವಹಣಾ ಸಮಿತಿ ಇರಬೇಕೆಂದು ಅದು ಹೇಳುತ್ತದೆ. ಅದರಲ್ಲಿ ಅರಣ್ಯ ಇಲಾಖೆಯವರು, ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂಸ್ಥೆಗಳ ಮೂವರು, ಕೃಷಿ ಇಲಾಖೆಯ ಒಬ್ಬರು, ಪಶುಸಂಗೋಪನೆಯ ಒಬ್ಬರು. ಎರಡು ಸಲ ಓದಿದೆ. ನೀರಾವರಿಯವರು ಇಲ್ಲ. ಮೀನುಗಾರಿಕೆಯವರೂ ಇಲ್ಲ. ಬರೆದವರ ಕಣ್ಣ ಮುಂದೆ ಇದ್ದದ್ದು ಕಾಡು. ಅಲ್ಲಿ ದನ ಮೇಯಿಸುವವರು, ಹೊಲ ಮಾಡುವವರು ಇರುತ್ತಾರೆ. ಹೊಳೆಯೊಂದು ಮೀಸಲಾಗಬಹುದೆಂದು ಯಾರೂ ಎಣಿಸಿರಲಾರರು. ಗೇಟು ಎತ್ತುವವನನ್ನು, ಬಲೆ ಬೀಸುವವನನ್ನು ಹೊರಗೆ ಕೂರಿಸಿ ಹೊಳೆಯ ಬಗ್ಗೆ ಸಭೆ ಮಾಡುವುದು, ವರ ಇಲ್ಲದೆ ಮದುವೆಯ ಮಾತುಕತೆ ನಡೆಸಿದಂತೆ. ಕರೆಸಿಕೊಳ್ಳಬೇಡಿ ಎಂದು ಕಾಯ್ದೆ ಹೇಳಿಲ್ಲವಲ್ಲ, ಕರೆಸಬಹುದು.

ಬಲೆಯವರ ಮಾತಿಗೆ ಬಂದೆ. ನಾನು ಹರಿಗೋಲು ಹತ್ತುವುದು ಒಬ್ಬ ಅಂಬಿಗರ ಕಾಕಾ ಅವರದು. ಬಿದಿರಿನ ಹೆಣಿಗೆ, ಹೊರಗೆ ಡಾಂಬರು ಮೆತ್ತಿದ ಹಾಳೆ. ಹಿಂದೆ ತೊಗಲು ಇರುತ್ತಿತ್ತು. ವಿಜಯನಗರದ ಕಾಲದಲ್ಲಿ ಬಂದ ಪೋರ್ಚುಗೀಸರು ಬುಟ್ಟಿಯಂಥ ದುಂಡು ದೋಣಿ, ನೆಟ್ಟಗೆ ಹೋಗುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ ಎಂದು ಸೋಜಿಗಪಟ್ಟು ಬರೆದರಂತಲ್ಲ, ಅದೇ. ಪ್ರವಾಸಿಗರು ಬಂದ ಮೇಲೆ ಅದನ್ನು ಬೇಕೆಂದೇ ಸುತ್ತಿಸುತ್ತಾರೆ. ಸುತ್ತಿಸಿದರೆ ಕಾಸು ಹೆಚ್ಚು. ಕಾಕಾ ಅದನ್ನು ಮಾಡುವುದಿಲ್ಲ. ತಲೆ ತಿರುಗುತ್ತದೆ ಎನ್ನುತ್ತಾರೆ.

ಮೊದಮೊದಲು ನನ್ನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಲೆಯನ್ನು ಬಂಡೆಯ ಮೇಲೆ ಹರಡಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೊಲಿಯುತ್ತ ಕೂತಿದ್ದರು. ನನ್ನತ್ತ ತಲೆಯೆತ್ತದೆ ಹರಿದ ಜಾಗವನ್ನು ಎರಡು ಕೈಯಲ್ಲಿ ಅಗಲಿಸಿ ತೋರಿಸಿದರು. ಊಟದ ತಟ್ಟೆ ತೂರುವಷ್ಟು ತೂತು.

"ಲೆಕ್ಕ ಬರೆಯುವವನಲ್ಲವೇ ತಮ್ಮಾ ನೀನು? ಇದನ್ನೂ ಬರೆದುಕೋ. ಈ ತಿಂಗಳಿನಲ್ಲಿ ನಾಲ್ಕನೆಯದು. ನಿನ್ನ ನಾಯಿಗಳಿಗೆ ನೀರಿನಲ್ಲಿ ಈಜುವ ಮೀನು ರುಚಿಸುವುದಿಲ್ಲ, ನನ್ನ ಬಲೆಯಲ್ಲಿ ಸಿಕ್ಕಿದ್ದೇ ಬೇಕು."

ಬರೆದುಕೊಂಡೆ. ಸುಮ್ಮನೆ ಅಲ್ಲ, ಒಂದು ವರ್ಷ ಬರೆದೆ. ಹರಿದ ಬಲೆ, ದಾರದ ಖರ್ಚು, ಹೊಲಿಯುವುದರಲ್ಲಿ ಕಳೆದ ದಿನಗಳು. ಆ ಪುಸ್ತಕವನ್ನು ಯಾವ ಕಚೇರಿಯೂ ಕೇಳಲಿಲ್ಲ, ನಾನೂ ಯಾರಿಗೂ ಕೊಡಲಿಲ್ಲ. ಬೆಳೆ ಹಾಳಾದರೆ ಅರ್ಜಿ ಹಾಕಲು ಒಂದು ನಮೂನೆಯಾದರೂ ಇರುತ್ತದೆ. ಆದರೆ ಬರೆಯುತ್ತಿದ್ದಾನೆ ಎಂಬುದೇ ಕಾಕಾಗೆ ಸಾಕಾಯಿತೋ ಏನೋ, ಮಾತು ಬಿಚ್ಚಿದರು.

ಮದ್ದಿನವರ ಬಗ್ಗೆ ಕೇಳಿದೆ. ಯಾರೆಂದು ಗೊತ್ತಿದ್ದರೆ ತಿಳಿಸಬಾರದೇ ಎಂದೆ. ಕಾಕಾ ಹುಟ್ಟು ನಿಲ್ಲಿಸಿದರು. ಹರಿಗೋಲು ತಾನಾಗಿ ಅರ್ಧ ಸುತ್ತು ತಿರುಗಿತು.

"ಯಾರ ಹೆಸರು ಹೇಳಲಿ? ನಮ್ಮ ಅಕ್ಕನ ಮಗ."

ನಾನೂ ಒಬ್ಬ ಅಕ್ಕನ ಮಗ. ನಮ್ಮಲ್ಲಿ ಮದ್ದು ಹಾಕುತ್ತಿದ್ದವನು ಮಾವ. ಹತ್ತು ವರ್ಷದ ನನ್ನನ್ನು ಅಂದು ಯಾರಾದರೂ ಕೇಳಿದ್ದರೆ ನಾನೇನು ಹೇಳುತ್ತಿದ್ದೆ? ಮುಂದೆ ಕೇಳಲು ನನಗೆ ಬಾಯಿ ಬರಲಿಲ್ಲ. ಕಾಕಾನೇ ಮುಂದುವರಿಸಿದರು. ಬೇಸಿಗೆ ಬಂದರೆ ಅವರು ದೊಡ್ಡ ಮಡುವಿನಲ್ಲಿ ಬಲೆ ಬಿಟ್ಟು, ಮಧ್ಯಾಹ್ನವಿಡೀ ಅಲ್ಲೇ ಹೊಳೆಮತ್ತಿಯ ನೆರಳಿನಲ್ಲಿ ಹರಿಗೋಲು ಬೋರಲು ಹಾಕಿ ಮಲಗುತ್ತಾರೆ. ಮೀನು ಬಿದ್ದರೂ ಸರಿ, ಬೀಳದಿದ್ದರೂ ಸರಿ. "ಮಾವನ ಬಲೆ ಇರುವ ನೀರಿಗೆ ಅವನು ಹೇಗೆ ಮದ್ದು ಹಾಕುತ್ತಾನೆ? ಬಲೆ ಚಿಂದಿಯಾಗುತ್ತದೆ. ಮನೆಗೆ ಬಂದು ಅಕ್ಕನಿಗೆ ಹೇಳುತ್ತೇನೆಂದು ಗೊತ್ತು."

ನೀರುನಾಯಿ ಹರಿಯುವ ಆ ಬಲೆಯೇ ನೀರುನಾಯಿಯನ್ನು ಕಾಯುತ್ತಿದೆ ಎಂಬುದು ನನಗೆ ತಿಳಿಯಲು ಅಷ್ಟು ದಿನ ಬೇಕಾಯಿತು. 34 ಕಿಲೋಮೀಟರ್ ಹೊಳೆಗೆ ಬೇಲಿ ಹಾಕಲಾಗುವುದಿಲ್ಲ. ಫಾರೆಸ್ಟ್ ವಾಚರುಗಳು ಬೆರಳೆಣಿಕೆ. ಬಂಡೆಗಳ ಈ ಗೊಂದಲದಲ್ಲಿ ಯಾವ ಮಡು ಎಲ್ಲಿದೆ ಎಂಬುದು ಅಲ್ಲೇ ಹುಟ್ಟಿ ಬೆಳೆದವರಿಗೆ ಮಾತ್ರ ಗೊತ್ತು. ಹೊಳೆಯಲ್ಲಿ ಬಲೆ ಇರುವಷ್ಟು ದಿನ ಒಂದು ಕಣ್ಣೂ ಇರುತ್ತದೆ. ಸಂರಕ್ಷಣೆ ಎಂದ ಕೂಡಲೇ ಮೀನುಗಾರರನ್ನು ಮೊದಲು ಎಬ್ಬಿಸಬೇಕು ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೆ. ಎಬ್ಬಿಸಿದ ಮಡು ಖಾಲಿ ಇರುವುದಿಲ್ಲ.

ಬಲೆಯಿಂದ ತೊಂದರೆಯೇ ಇಲ್ಲ ಎನ್ನುವಷ್ಟು ನಾನು ಕಾಕಾನ ಪಕ್ಷವಲ್ಲ. ರಾತ್ರಿ ಬಿಟ್ಟ ನೈಲಾನ್ ಬಲೆಗೆ ಸಿಕ್ಕ ಆಮೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ಒಂದು ಮೆದುಚಿಪ್ಪಿನ ಆಮೆಯನ್ನು ಹಾಗೆ ಸತ್ತದ್ದನ್ನೇ ಅವರು ಬಿಡಿಸಿ ತೆಗೆದದ್ದನ್ನು ನೋಡಿದ್ದೇನೆ. ನೀರುನಾಯಿಯ ಮರಿಗೂ ಅದೇ ಗತಿಯಾಗಬಹುದು. ಈಗ ಅವರು ರಾತ್ರಿ ಒಮ್ಮೆ ಎದ್ದು ಹೋಗಿ ಬಲೆ ನೋಡಿ ಬರುತ್ತಾರೆ. ಆಮೆಗಾಗಿಯೋ ಮೀನು ಕದಿಯುವವರಿಗೆ ಹೆದರಿಯೋ, ಕೇಳಿಲ್ಲ.

ಗಂಗಾವತಿಯ ಮೀನಿನ ಸಂತೆಯಲ್ಲಿ ಈಗ ನನಗೊಂದು ಹೆಸರಿದೆ, ಒತ್ತುವವನು ಎಂದು. ಕೆರೆಯ ಕಾಟ್ಲಾ, ರೋಹು, ಜಿಲೇಬಿ ಇದ್ದರೆ ಒತ್ತುವುದಿಲ್ಲ. ಹೊಳೆಯ ಮೀನು ಎಂದರೆ ಕಿವಿರು ಎತ್ತಿ ನೋಡಿ, ಹೆಬ್ಬೆರಳು ಒತ್ತಿ, ತಗ್ಗು ಏಳುವವರೆಗೆ ಕಾಯುತ್ತೇನೆ. ಏಳದಿದ್ದರೆ ಏನೂ ಮಾತಾಡದೆ ಮುಂದೆ ಹೋಗುತ್ತೇನೆ. ಮಾರುವ ಅಕ್ಕ ಮೊದಲು ಬೈದಳು. ಆಮೇಲೆ ನನ್ನ ಹಿಂದೆ ನಿಂತಿದ್ದವರೂ ಒತ್ತತೊಡಗಿದಾಗ ಇನ್ನೂ ಜೋರಾಗಿ ಬೈದಳು. ಈಗ ದೂರದಿಂದಲೇ, "ಬನ್ನಿ ಅಣ್ಣಾ, ಬಲೆಯದೇ" ಎನ್ನುತ್ತಾಳೆ. ಬಲೆಯದಲ್ಲದ್ದು ಬುಟ್ಟಿಯ ತಳದಲ್ಲಿ ಇರುವುದಿಲ್ಲವೆಂದು ನಾನೇನೂ ಪ್ರಮಾಣ ಮಾಡಲಾರೆ.

ಮಾವ ಮದ್ದು ಬಿಟ್ಟು ಇಪ್ಪತ್ತೈದು ವರ್ಷವಾಯಿತು. ಜ್ಞಾನೋದಯವಾಗಿ ಬಿಟ್ಟದ್ದಲ್ಲ. ಒಂದು ಬತ್ತಿ ಅವನು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಬಲಗೈಯಲ್ಲಿ ಈಗ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಮಾತ್ರ ಇವೆ. ಹೋದ ವಾರ ಮನೆಗೆ ಬಂದಿದ್ದ. ಕಾಕಾ ಕೊಟ್ಟ ಬಾಳೆಮೀನು ಅಡುಗೆಮನೆಯಲ್ಲಿ ಬೋಗುಣಿಯಲ್ಲಿತ್ತು. ಮಾವ ಬಗ್ಗಿ, ಆ ಹೆಬ್ಬೆರಳನ್ನು ಮೀನಿನ ಹೊಟ್ಟೆಯ ಮೇಲೆ ಊರಿ ತೆಗೆದ. ತಗ್ಗು ಮೆಲ್ಲಗೆ ತುಂಬಿಕೊಂಡಿತು.

"ಬಿಗಿ ಇದೆ" ಎಂದ. ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದ: "ಕಳ್ಳರು ಇದ್ದಾರೇನೋ ಇನ್ನೂ ಅಲ್ಲಿ?"

"ಇದ್ದಾರೆ ಮಾವ. ಹೋದ ಭಾನುವಾರ ಐದು ಜನ ಇದ್ದರು."